ಅಂಗಳಕ್ಕೆ ಗಾಡಿ ತರುವ ಬಗೆ

ಊಲೆನ್‌ಬೆಕ್
12 ಸೆಪ್ಟೆಂಬರ್ 1946

ಪ್ರೀತಿಯ ಹಿನ್ರಿಕ್,

ನಿನ್ನ ಅಮ್ಮನಿಗೆ ಕಾರು ಬಂದಿದೆ. ನಗಬೇಡ, ಪೂರ್ತಿ ಓದು. ಕಳೆದ ವರ್ಷ ನಮ್ಮ ಜರ್ಮನ್ ಸೈನ್ಯ ಗಂಟುಮೂಟೆ ಕಟ್ಟಿಕೊಂಡು ಹಿಂದಕ್ಕೆ ಓಡುವಾಗ ಪೈನ್ ತೋಪಿನಲ್ಲಿ ಒಂದು ಗಾಡಿ ಪೆಟ್ರೋಲ್ ಮುಗಿದು ನಿಂತುಬಿಟ್ಟಿತ್ತು. ಕಮ್ಮಾರ ಹಾರ್ಮ್ಸ್ ಅದನ್ನು ಕುದುರೆ ಕಟ್ಟಿ ಎಳೆದು ತಂದು ತನ್ನ ಹುಲ್ಲಿನ ಬಣವೆಯ ಒಳಗೆ ಬಚ್ಚಿಟ್ಟಿದ್ದ. ಇಷ್ಟು ದಿನ ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಸೈನ್ಯದಲ್ಲಿ ನೀನು ಮೂರು ವರ್ಷ ಓಡಿಸಿದೆಯಲ್ಲ, ನೀವೆಲ್ಲ ಬಕೆಟ್ ಎಂದು ಕರೆಯುತ್ತಿದ್ದಿರಲ್ಲ, ಅದೇ ಜಾತಿ. ಮೈಯೆಲ್ಲ ತಗಡಿನ ಮಡಿಕೆ, ತಲೆಗೆ ಕ್ಯಾನ್ವಾಸು, ಮೂತಿಯ ಮೇಲೆ ಒಂದು ಬದಲಿ ಚಕ್ರ.

ನನ್ನ ಸೈಕಲ್ಲಿನ ಟೈರು ಹೋದ ಮೇಲೆ ನಾನು ನಡೆದೇ ಹೆರಿಗೆ ಮಾಡಿಸಲು ಹೋಗುತ್ತಿದ್ದೆ. ಆಗಸ್ಟಿನಲ್ಲಿ ಎರಡು ಸಲ ನಾನು ತಲುಪುವ ಮೊದಲೇ ಮಗು ಹುಟ್ಟಿತ್ತು. ಒಂದು ಉಳಿಯಲಿಲ್ಲ. ಅದನ್ನು ಕೇಳಿ ಇಂಗ್ಲಿಷ್ ಅಧಿಕಾರಿ ಗಾಡಿಗೂ ಪೆಟ್ರೋಲಿಗೂ ಅಪ್ಪಣೆ ಕೊಟ್ಟ. ಹೆರಿಗೆಗೆ ಮಾತ್ರ, ಸಂತೆಗೆ ಅಲ್ಲ ಎಂದು ಬೆರಳು ತೋರಿಸಿ ಹೇಳಿದ.

ಹಾರ್ಮ್ಸ್ ಎಂಜಿನ್ ರಿಪೇರಿ ಮಾಡಿಕೊಟ್ಟ, ಆದರೆ ಓಡಿಸಲು ಕಲಿಸುವುದಿಲ್ಲವಂತೆ. ಈ ವಯಸ್ಸಿನ ಹೆಂಗಸಿಗೆ ಕಲಿಸುವ ಬದಲು ತನ್ನ ಹೋತಕ್ಕೆ ಕಲಿಸುತ್ತೇನೆ, ಅದು ಮಾತು ಕೇಳುತ್ತದೆ ಎನ್ನುತ್ತಾನೆ. ಆದ್ದರಿಂದ ನೀನೇ ಕಲಿಸು. ಪತ್ರದಲ್ಲಿ ಕಲಿಯಬಾರದು ಎಂದೇನಿದೆ? ನಿನ್ನ ಅಜ್ಜಿ ನನಗೆ ಕಾಲುಚೀಲ ಹೆಣೆಯುವುದನ್ನು ಪತ್ರದಲ್ಲೇ ಕಲಿಸಿದ್ದು.

ಸರಿಯಾಗಿ ಊಟ ಕೊಡುತ್ತಾರಾ? ಬರೆ.

ನಿನ್ನ ಅಮ್ಮ,
ಮೇಟಾ

*

ಯಾರ್ಕ್‌ಷೈರ್, ಯುದ್ಧಕೈದಿಗಳ ಶಿಬಿರ
6 ಅಕ್ಟೋಬರ್ 1946

ಅಮ್ಮಾ,

ನಿನ್ನ ಪತ್ರವನ್ನು ಗುಡಿಸಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸೂಲಗಿತ್ತಿಯೊಬ್ಬಳು ಬಕೆಟ್ ಓಡಿಸುವ ಕಾಲ ಬಂತು ಅಂದರೆ ಯುದ್ಧ ನಿಜವಾಗಿ ಮುಗಿಯಿತು ಎಂದು ಒಬ್ಬ ಹೇಳಿದ. ಇಲ್ಲಿ ನಾವು ಬೀಟ್ ಗಡ್ಡೆ ಕೀಳುತ್ತಿದ್ದೇವೆ. ಊಟ ಪರವಾಗಿಲ್ಲ. ಈ ಜನ ಆಲೂಗಡ್ಡೆಯನ್ನು ಬೇಯಿಸಿ ಬೇಯಿಸಿ ಕೊಲ್ಲುತ್ತಾರೆ, ಅಷ್ಟೇ.

ಈಗ ಪಾಠ. ಎಂಜಿನ್ ಹಿಂದಿದೆ, ಮುಂದೆ ಹುಡುಕಬೇಡ. ಅದು ನೀರು ಕೇಳುವುದಿಲ್ಲ, ಗಾಳಿಯಲ್ಲೇ ತಣ್ಣಗಾಗುತ್ತದೆ, ಹಾಗಾಗಿ ಚಳಿಗಾಲದಲ್ಲಿ ಒಳಗೆ ಹೆಪ್ಪುಗಟ್ಟಲು ಏನೂ ಇಲ್ಲ. ಪೆಟ್ರೋಲ್ ಟ್ಯಾಂಕ್ ಮುಂದೆ, ಪಕ್ಕದಲ್ಲಿ ಕೂತವರ ಮೊಣಕಾಲಿನ ಹತ್ತಿರ. ಪಾದ್ರಿಯನ್ನು ಹತ್ತಿಸಿಕೊಂಡರೆ ಪೈಪು ಸೇದಲು ಬಿಡಬೇಡ. ಒಂದನೇ ಗೇರಿನಲ್ಲಿ ಅದು ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ಹೋಗುತ್ತದೆ, ಸಿಪಾಯಿಗಳು ಪಕ್ಕದಲ್ಲಿ ನಡೆದು ಬರಲಿ ಎಂದು ಹಾಗೆ ಮಾಡಿದ್ದು. ನೀನು ಮೊದಲ ವಾರ ಅದರಲ್ಲೇ ಇರು. ಗೇರ್ ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿ, ಗಲಾಟೆ ಮಾಡಿದರೆ ಬೈಯಬೇಡ, ಅದು ನಿನ್ನ ತಪ್ಪೇ ಆಗಿರುತ್ತದೆ. ಕೆಸರಿನಲ್ಲಿ ಹೂತರೆ ನಾಲ್ಕು ಜನ ಗಂಡಸರು ಎತ್ತಿ ಇಡಬಹುದು, ಅಷ್ಟು ಹಗುರ.

ಇನ್ನೊಂದು ಮುಖ್ಯ ವಿಷಯ, ಹೊಸಬರು ಯಾವಾಗಲೂ ಇಲ್ಲೇ ಎಡವುತ್ತಾರೆ. ರೈತರ ಅಂಗಳಕ್ಕೆ ಹೋದಾಗ ನೇರ ನುಗ್ಗಿ ಗೋಡೆಗೆ ಮೂತಿ ಇಟ್ಟು ನಿಲ್ಲಿಸಬೇಡ. ಒಂದು ಸುತ್ತು ಹಾಕಿ, ಮೂತಿ ಗೇಟಿನ ಕಡೆ ಬರುವ ಹಾಗೆ ನಿಲ್ಲಿಸು. ಎಂಜಿನ್ ಆರಿಸಬೇಡ, ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳುವುದು ಕಷ್ಟ. ಹಾರ್ನನ್ನು ಎರಡು ಸಲ ಒತ್ತು. ಮನೆಯವರು ತಾವಾಗಿಯೇ ಹೊರಗೆ ಬರುತ್ತಾರೆ, ನೀನು ಇಳಿದು ಬಾಗಿಲು ಬಡಿಯುತ್ತ ಹೊತ್ತು ಕಳೆಯಬೇಕಾಗಿಲ್ಲ.

ಹಾರ್ಮ್ಸ್‌ನ ಹೋತಕ್ಕೆ ನನ್ನ ನಮಸ್ಕಾರ.

ನಿನ್ನ
ಹಿನ್ರಿಕ್

*

ಊಲೆನ್‌ಬೆಕ್
24 ನವೆಂಬರ್ 1946

ಪ್ರೀತಿಯ ಮಗನೇ,

ಓಡಿಸುತ್ತೇನೆ! ಮೊದಲ ದಿನ ಹಾರ್ಮ್ಸ್‌ನ ತಿಪ್ಪೆಗೆ ಹತ್ತಿಸಿದೆ. ಎರಡನೆಯ ದಿನ ಪಾದ್ರಿಯ ಹೆಂಡತಿಯ ಬಾತುಗಳನ್ನು ಕೆರೆಯವರೆಗೆ ಅಟ್ಟಿಸಿಕೊಂಡು ಹೋದೆ. ಬ್ರೇಕ್ ಎಲ್ಲಿದೆ ಎಂದು ನೀನು ಬರೆದಿರಲಿಲ್ಲ, ಕತ್ತೆ. ಈಗ ಕೈ ಕೂತಿದೆ. ಕ್ಯಾನ್ವಾಸಿನ ತೂತಿನಿಂದ ಗಾಳಿ ನುಗ್ಗಿ ಕಿವಿ ಕಿತ್ತುಹೋಗುತ್ತದೆ, ಆದರೂ ಎಷ್ಟು ಸುಖ ಗೊತ್ತೇ? ಇಪ್ಪತ್ತೇಳು ವರ್ಷ ಈ ದಾರಿಗಳನ್ನು ಕಾಲಿನಲ್ಲಿ ಸವೆಸಿದವಳು ನಾನು.

ನೀನು ಹೇಳಿದ ಅಂಗಳದ ಪಾಠ ಎಲ್ಲಕ್ಕಿಂತ ಒಳ್ಳೆಯದು. ಒಂದು ಸುತ್ತು, ಮೂತಿ ಗೇಟಿಗೆ, ಎರಡು ಸಲ ಹಾರ್ನು. ಅಜ್ಜ, ಅಜ್ಜಿ, ಬಸುರಿ, ನಾಯಿ, ಎಲ್ಲರೂ ನಗುತ್ತ ಹೊರಗೆ. ರಾಣಿ ಬಂದಳು ಎನ್ನುತ್ತಾರೆ. ಇದನ್ನೆಲ್ಲ ನನ್ನ ಮಗ ಕಲಿಸಿದ್ದು ಎಂದು ಕೇಳದವರಿಗೂ ಹೇಳುತ್ತೇನೆ.

ಒಂದು ಯೋಚನೆ ಮಾತ್ರ ಇದೆ. ಜೌಗಿನ ಬಯಲಿನಾಚೆ, ಒಲೆಗೆ ಹಾಕುವ ಮಣ್ಣಿನ ಹೆಂಟೆ ಕಡಿಯುತ್ತಾರಲ್ಲ, ಅಲ್ಲಿನ ಹಲಗೆ ಮನೆಗಳಲ್ಲಿ ಈಗ ಪೋಲಿಷ್ ಜನ ಇದ್ದಾರೆ. ಯುದ್ಧದಲ್ಲಿ ಇಲ್ಲಿನ ಹೊಲಗಳ ದುಡಿತಕ್ಕೆಂದು ಹಿಡಿದು ತಂದವರು. ಹಿಂದಿರುಗಲು ಅವರಿಗೆ ಮನೆ ಉಳಿದಿಲ್ಲ. ಅಲ್ಲಿಯ ಬ್ರೋನೆಕ್ ಎಂಬವನ ಹೆಂಡತಿ ಯಾನಿನಾಗೆ ಚೊಚ್ಚಲು, ಫೆಬ್ರವರಿ ಕೊನೆಗೆ ದಿನ. ಪಟ್ಟಣದ ಡಾಕ್ಟರು ಅಷ್ಟು ದೂರ ಬರುವುದಿಲ್ಲ. ನೆಲ ಗಟ್ಟಿಯಾದ ಮೇಲೆ ನಾನು ಹೋಗಿ ನೋಡುತ್ತೇನೆ.

ಕ್ರಿಸ್‌ಮಸ್ಸಿಗೆ ಕಾಲುಚೀಲ ಕಳಿಸಿದ್ದೇನೆ.

ನಿನ್ನ ಅಮ್ಮ,
ಮೇಟಾ

*

ಊಲೆನ್‌ಬೆಕ್
19 ಜನವರಿ 1947

ಹಿನ್ರಿಕ್,

ಹೊಸ ವರ್ಷದ ಶುಭಾಶಯ. ತಡವಾಗಿ ಬರೆಯುತ್ತಿದ್ದೇನೆ. ಬರೆಯಲು ಕೂತು ಕೂತು ಎದ್ದಿದ್ದೇನೆ.

ಯಾನಿನಾಳನ್ನು ನೋಡಲು ಹೋಗಿದ್ದೆ. ಜೌಗು ಹೆಪ್ಪುಗಟ್ಟಿ ದಾರಿ ಚೆನ್ನಾಗಿತ್ತು, ಬಿಸಿಲಿತ್ತು, ನಾನು ಹಾಡು ಗುನುಗುತ್ತಿದ್ದೆ. ಹಲಗೆ ಮನೆಗಳ ನಡುವೆ ಒಂದು ಅಂಗಳವಿದೆ. ಒಂದು ಸುತ್ತು ಹಾಕಿದೆ, ಮೂತಿಯನ್ನು ಗೇಟಿಗೆ ತಿರುಗಿಸಿದೆ, ಎಂಜಿನ್ ಆರಿಸಲಿಲ್ಲ, ಎರಡು ಸಲ ಹಾರ್ನ್ ಒತ್ತಿದೆ.

ಅವರು ಹೊರಗೆ ಬಂದರು, ನೀನು ಹೇಳಿದ ಹಾಗೆಯೇ. ಬಂದವರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಯಾರೂ ಹಾಗೆ ನಿಲ್ಲಿ ಎಂದು ಹೇಳಿರಲಿಲ್ಲ. ಒಬ್ಬ ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಹೆಂಗಸರು ಕೈಗಳನ್ನು ಕಾಣುವ ಹಾಗೆ ಮುಂದೆ ಇಟ್ಟುಕೊಂಡರು. ಯುದ್ಧ ಮುಗಿದು ಒಂದೂವರೆ ವರ್ಷವಾಗಿದೆ, ಸ್ಟೀರಿಂಗ್ ಹಿಡಿದು ಕೂತವಳು ಬಿಳಿ ಏಪ್ರನ್ ಕಟ್ಟಿದ ಮುದುಕಿ ಎಂದು ಅವರ ಕಣ್ಣಿಗೆ ಕಾಣುತ್ತಿತ್ತು. ಆದರೂ ಕಾಲುಗಳು ಮೊದಲು ಹೊರಟುಬಂದಿದ್ದವು. ನಾನು ಮುಗುಳ್ನಗುತ್ತಿದ್ದೆ, ಹಿನ್ರಿಕ್. ಆ ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು, ತೆಗೆಯಲು ಗೊತ್ತಾಗಲಿಲ್ಲ.

ಸಾಲಿನಲ್ಲಿ ಬಸುರಿ ಇರಲಿಲ್ಲ. ಹಾರ್ನ್ ಕೇಳುತ್ತಲೇ ಅವಳು ಹಿಂದಿನ ಕಿಟಕಿಯಿಂದ ಇಳಿದು ಜೌಗಿನ ಕಡೆ ಓಡಿದ್ದಳು, ಆ ಹೊಟ್ಟೆ ಹೊತ್ತುಕೊಂಡು. ನಾವೆಲ್ಲ ಹುಡುಕಿದೆವು. ಮಣ್ಣಿನ ಹೆಂಟೆಗಳ ರಾಶಿಯ ಹಿಂದೆ ಮುದುರಿ ಕೂತಿದ್ದಳು. ಒಂದು ಕಾಲಿಗೆ ಬೂಟಿಲ್ಲ, ಕೂಗು ಹೊರಗೆ ಬರದ ಹಾಗೆ ತನ್ನ ಕೈಯನ್ನೇ ಕಚ್ಚಿಕೊಂಡಿದ್ದಳು. ನಾನು ಸೂಲಗಿತ್ತಿ ಎಂದು ಹೇಳಿದೆ. ಅವಳಿಗೆ ನಮ್ಮ ಮಾತು ಚೆನ್ನಾಗಿ ಬರುತ್ತದೆ, ಹದಿನೇಳನೇ ವಯಸ್ಸಿಗೆ ಇಲ್ಲಿಗೆ ತಂದು ಹಾಕಿದ್ದಾರಲ್ಲ. ಅವಳು ಹೇಳಿದ್ದು ಇಷ್ಟು:

"ಎರಡು ಸಲ ಹಾರ್ನ್ ಆಯ್ತು. ಎರಡು ಸಲ ಆದ್ರೆ ಹಿಂದ್ಗಡೆಯಿಂದ ಓಡ್ಬೇಕು ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು. ಅವತ್ತು ನಾನು ಓಡ್ಲಿಲ್ಲ."

ಹೊಟ್ಟೆ ಮುಟ್ಟಿ ನೋಡಲು ಬಿಟ್ಟಳು, ಗಂಡ ಪಕ್ಕದಲ್ಲಿ ನಿಂತಿದ್ದರಿಂದ. ಮಗು ತಿರುಗಿಲ್ಲ, ತಲೆ ಮೇಲೆ ಮಾಡಿ ಕೂತಿದೆ. ನನ್ನ ಕೈ ಇಲ್ಲದಿದ್ದರೆ ತಾಯಿಯೂ ಮಗುವೂ ಇಬ್ಬರೂ ಹೋಗಬಹುದು. ಅದನ್ನು ಅವಳಿಗೇ ಹೇಳಿದೆ. ನೀವು ಮತ್ತೆ ಬರ್ಬೇಡಿ ಎಂದಳು. ಒರಟಾಗಿ ಹೇಳಲಿಲ್ಲ.

ಈಗ ನಾನು ಊರಿನ ಮನೆಗಳಿಗೂ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋಗುತ್ತೇನೆ. ಹಾರ್ನ್ ಯಾಕೆ ಒತ್ತಲಿಲ್ಲ ಎಂದು ಕೇಳುತ್ತಾರೆ. ನಮ್ಮ ಜನ ಆ ಸದ್ದಿಗೆ ನಗುತ್ತ ಹೊರಗೆ ಬರುತ್ತಿದ್ದರಲ್ಲ, ಅದನ್ನು ನೆನೆದರೂ ನಾಚಿಕೆಯಾಗುತ್ತದೆ.

ನೀನು ಕಲಿಸಿದ ಹಾಗೆಯೇ ಮಾಡಿದೆ, ಒಂದೂ ತಪ್ಪಲಿಲ್ಲ. ನಿನಗೆ ಯಾರು ಕಲಿಸಿದರು, ಎಲ್ಲೆಲ್ಲಿ ಹಾಗೆ ಹೋದೆ ಎಂದು ನಾನು ಕೇಳುತ್ತಿಲ್ಲ. ಕೇಳುವ ಧೈರ್ಯ ಬಂದರೆ ಆಮೇಲೆ ಕೇಳಿಯೇನು. ಈಗ ಬೇಕಾದದ್ದು ಒಂದೇ. ಅವಳು ಓಡದ ಹಾಗೆ ಅವಳ ಬಾಗಿಲಿಗೆ ಹೋಗುವುದು ಹೇಗೆ? ಓಡುವವರನ್ನು ನೀನು ಕಂಡಿದ್ದೀಯ. ಹೇಳು.

ಅಮ್ಮ

*

ಯಾರ್ಕ್‌ಷೈರ್
16 ಫೆಬ್ರವರಿ 1947

ಅಮ್ಮಾ,

ಇಲ್ಲಿ ಹಿಮ ಬಿದ್ದು ರೈಲುಗಳೇ ನಿಂತಿವೆ. ನಮ್ಮನ್ನು ಹಳಿಯ ಮೇಲಿನ ಹಿಮ ತೆಗೆಯಲು ಕಳಿಸುತ್ತಿದ್ದಾರೆ. ಕಾಲುಚೀಲ ಬಂದವು, ಬೆಚ್ಚಗಿವೆ.

ಬೇರೆ ರೀತಿ ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಯಾವ ಅಂಗಳಕ್ಕೂ ಬೇರೆ ರೀತಿ ಹೋದ ನೆನಪಿಲ್ಲ. ನಾನು ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದೆ, ಇಳಿಯುತ್ತಿರಲಿಲ್ಲ. ಎಂಜಿನ್ ನಿಲ್ಲದ ಹಾಗೆ ನೋಡಿಕೊಳ್ಳುವುದು, ಅಷ್ಟೇ ನನ್ನ ಕೆಲಸ. ಇಳಿಯಲಿಲ್ಲ ಎಂಬುದನ್ನು ಇಲ್ಲಿಯವರೆಗೆ ನನ್ನ ಒಳ್ಳೆಯತನದ ಲೆಕ್ಕಕ್ಕೆ ಹಾಕಿಕೊಂಡಿದ್ದೆ. ನಿನಗೆ ಆ ಪಾಠ ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಅದೇ ಈಗ ನಿದ್ದೆ ಕೆಡಿಸುತ್ತಿದೆ. ಗೇರಿನ ಬಗ್ಗೆ ಬರೆದ ಹಾಗೆಯೇ ಬರೆದುಬಿಟ್ಟೆ.

ನಾನು ಕೆಲಸ ಮಾಡುವ ಹೊಲದ ಯಜಮಾನಿ ಅಡುಗೆಮನೆಗೆ ಕರೆದು ಚಹಾ ಕೊಡುತ್ತಾಳೆ. ಯುದ್ಧದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಡ್ರೈವರ್ ಎಂದೆ. ಸದ್ಯ, ಬಂದೂಕು ಹಿಡಿದವನಲ್ಲ ಎಂದು ಇನ್ನೊಂದು ಲೋಟ ಬಗ್ಗಿಸಿದಳು. ಕುಡಿದೆ.

ನೀನು ಅಲ್ಲಿಗೆ ಆ ಗಾಡಿಯಲ್ಲಿ ಹೋಗಬೇಡ. ಇಷ್ಟು ಮಾತ್ರ ಹೇಳಬಲ್ಲೆ.

ಮೇ ತಿಂಗಳಲ್ಲಿ ಬಿಡುಗಡೆ ಆಗುವವರಲ್ಲಿ ನನ್ನ ಹೆಸರಿದೆ. ಬರಲೇ?

ಹಿನ್ರಿಕ್

*

ಊಲೆನ್‌ಬೆಕ್
16 ಮಾರ್ಚ್ 1947

ಹಿನ್ರಿಕ್,

ಯಾನಿನಾ ಹೆತ್ತಳು. ಗಂಡು. ಇಬ್ಬರೂ ಬದುಕಿದ್ದಾರೆ.

ನಿನ್ನ ಪತ್ರ ಬಂದ ವಾರವೇ ಒಂದು ಬೆಳಿಗ್ಗೆ ಬ್ರೋನೆಕ್ ಹಿಮದಲ್ಲಿ ಬಿದ್ದು ಎದ್ದು ಓಡಿ ಬಂದ. ಹೆಂಡತಿ ಬೇಡ ಎಂದರೂ ಕೇಳದೆ ಬಂದಿದ್ದ. ನಾವು ನಡೆದೇ ಹೋದೆವು. ಅವನು ಮುಂದೆ ಹಿಮ ತುಳಿಯುತ್ತಿದ್ದ, ನಾನು ಆ ಹೆಜ್ಜೆಗಳಲ್ಲಿ ಕಾಲಿಡುತ್ತಿದ್ದೆ. ಒಳಗೆ ಹೋದಾಗ ಅವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ಆಮೇಲೆ ನೋವು ಬಂತು, ಕೈ ಚಾಚಿ ನನ್ನ ತೋಳನ್ನೇ ಹಿಡಿದುಕೊಂಡಳು. ಆ ಹೊತ್ತಿಗೆ ಯಾರಾದರೂ ಆದೀತು.

ನೋವಿನ ನಡುವೆ ಬಿಡುವಾದಾಗ ಹೆರುವ ಎಲ್ಲ ಹೆಂಗಸರೂ ಕೇಳುವ ಪ್ರಶ್ನೆಯನ್ನೇ ಅವಳೂ ಕೇಳಿದಳು. ನಿಮಗೆಷ್ಟು ಮಕ್ಕಳು ಎಂದಳು.

ಇಲ್ಲ ಎಂದೆ.

ಬಾಯಿಂದ ಬಂದುಬಿಟ್ಟಿತು. ನಿಜ ಹೇಳಿದರೆ ನನ್ನ ತೋಳು ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಗಾಡಿ ಓಡಿಸಲು ಯಾರು ಕಲಿಸಿದರು ಎಂದು ಮತ್ತೆ ಕೇಳಿದಳು. ಊರಿನ ಕಮ್ಮಾರ ಎಂದೆ. ಎರಡನೆಯ ಸುಳ್ಳಿಗೆ ಯೋಚಿಸಬೇಕಾಗಲೂ ಇಲ್ಲ.

ಮಗುವಿನ ಕಾಲು ಮೊದಲು ಬಂತು, ಹೆಗಲೂ ಬಂತು, ತಲೆ ಸಿಕ್ಕಿಕೊಂಡಿತು. ಮೈ ನೀಲಿಗಟ್ಟತೊಡಗಿತ್ತು. ಹೇಗೆ ಬಿಡಿಸಿದೆನೋ, ಬೆನ್ನಿಗೆ ತಟ್ಟಿ ತಟ್ಟಿ ಕೊನೆಗೆ ಅಳಿಸಿದೆ. ಬ್ರೋನೆಕ್ ಬಾಗಿಲಾಚೆ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ. ತೊಳೆದು ಬಟ್ಟೆ ಸುತ್ತಿ ತಾಯಿಯ ಪಕ್ಕ ಮಲಗಿಸಿದರೆ ಅವಳು ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ಪಾಪ, ಊರವರ ಮಕ್ಕಳನ್ನೆಲ್ಲ ಎತ್ತೋದು, ಸ್ವಂತದ್ದು ಒಂದಿಲ್ಲ ಅಂದ್ರೆ ಹೇಗೆ. ಇವ್ನನ್ನ ನೀವೂ ಸ್ವಲ್ಪ ಹೊತ್ತು ಇಟ್ಕೊಳ್ಳಿ."

ಇಟ್ಟುಕೊಂಡೆ. ಅವಳು ಕೊಟ್ಟ ಎಲೆಕೋಸಿನ ಸಾರು ಕುಡಿದೆ. ಹೊಕ್ಕುಳು ನೋಡುವ ನೆಪದಲ್ಲಿ ಈಗ ಎರಡು ದಿನಕ್ಕೊಮ್ಮೆ ಹೋಗುತ್ತೇನೆ. ಹೊಕ್ಕುಳು ಎಂದೋ ಒಣಗಿದೆ. ಅಲ್ಲಿಯ ಹೆಂಗಸರು ನನಗೆಂದು ಒಲೆ ಪಕ್ಕ ಜಾಗ ಬಿಡುತ್ತಾರೆ, ಮಕ್ಕಳಿಲ್ಲದ ಮುದುಕಿ ಎಂದು ಹೆಚ್ಚಿನ ಬ್ರೆಡ್ಡು ಕೊಡುತ್ತಾರೆ, ಅವರಿಗೇ ಸಾಲದಿರುವಾಗ. ನನಗೆ ಅಲ್ಲಿ ಸುಖವಾಗುತ್ತದೆ. ಅದನ್ನೂ ಬರೆದುಬಿಡುತ್ತೇನೆ, ನಿನ್ನಿಂದ ಏಕೆ ಮುಚ್ಚಿಡಲಿ.

ಬರಲೇ ಎಂದು ಕೇಳಿದ್ದೀಯ. ತಾಯಿಗೆ ಮಗ ಕೇಳುವ ಮಾತೇ ಅದು? ಬಾ ಎಂದು ಎರಡು ವಾರದ ಹಿಂದೆಯೇ ಬರೆಯಬೇಕಿತ್ತು. ಬರೆಯದೆ ಯಾಕೆ ಕೂತಿದ್ದೆ ಎಂದು ಈಗ ನಿನಗೆ ಗೊತ್ತಾಯಿತು. ನಾನು ನಾಚಿದ್ದು ನಿನಗೋ ನನಗೋ ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅಮ್ಮ

*

ಯಾರ್ಕ್‌ಷೈರ್
2 ಏಪ್ರಿಲ್ 1947

ಅಮ್ಮಾ,

ಮಕ್ಕಳಿಲ್ಲ ಎಂದು ನೀನು ಹೇಳಿದ್ದೇ ಇರಲಿ. ಅವರ ಮನಸ್ಸು ಕೆಡಿಸಬೇಡ, ನಿನ್ನದನ್ನೂ ಕೆಡಿಸಿಕೊಳ್ಳಬೇಡ. ಬೇಕಾದವರು ಇಲ್ಲೇ ಕೂಲಿಗೆ ನಿಲ್ಲಬಹುದು ಎಂದು ಹೇಳುತ್ತಿದ್ದಾರೆ. ಯಜಮಾನಿಯೂ ನನ್ನನ್ನು ಇಟ್ಟುಕೊಳ್ಳಲು ಸಿದ್ಧಳಿದ್ದಾಳೆ. ಒಂದು ವರ್ಷ, ಎರಡು ವರ್ಷ, ಆಮೇಲೆ ನೋಡೋಣ. ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಮಗುವಿಗೆ ಏನು ಹೆಸರಿಟ್ಟರು?

ಹಿನ್ರಿಕ್

*

ಊಲೆನ್‌ಬೆಕ್
27 ಏಪ್ರಿಲ್ 1947

ನನ್ನ ಮಗನೇ,

ಯೂಜೆಕ್ ಎಂದು ಹೆಸರಿಟ್ಟಿದ್ದಾರೆ. ನಿನ್ನ ಪತ್ರ ಓದಿದೆ. ನನ್ನ ಒಂದು ಸುಳ್ಳಿಗೆ ಜಾಗ ಮಾಡಿಕೊಡಲು ನೀನು ಪರದೇಶದಲ್ಲಿ ಬೀಟ್ ಕೀಳುತ್ತ ಉಳಿಯುತ್ತೇನೆ ಎನ್ನುತ್ತೀಯ. ಅದಕ್ಕೆ ಹೂಂ ಎನ್ನಲು ಒಂದು ಕ್ಷಣ ನನಗೂ ಮನಸ್ಸಾಯಿತು. ಆ ಕ್ಷಣವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಿನ್ನೆ ಅಲ್ಲಿಗೆ ಹೋದೆ. ಯಾನಿನಾ ಬಾಗಿಲಿನ ಬಿಸಿಲಿನಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಎಂದಿನ ಹಾಗೆ ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಕೂತೆ. ಕೂತ ಮೇಲೆ ಹೇಳಿದೆ. ನನಗೆ ಒಬ್ಬ ಮಗನಿದ್ದಾನೆ, ಹೆಸರು ಹಿನ್ರಿಕ್, ಅವನು ನಿಮ್ಮ ಕಡೆಯ ಊರುಗಳಲ್ಲಿ ಅಂಥದೇ ಗಾಡಿ ಓಡಿಸುತ್ತಿದ್ದ, ಅಂಗಳಕ್ಕೆ ಹಾಗೆ ಬರುವುದನ್ನು ನನಗೆ ಕಲಿಸಿದವನು ಅವನೇ, ಕಮ್ಮಾರನಲ್ಲ.

ಅವಳ ಚಾಕು ನಿಂತಿತು. ಒಂದೇ ಪ್ರಶ್ನೆ ಕೇಳಿದಳು.

"ಅವ್ನು ಇಳೀತಿದ್ನಾ?"

ಇಲ್ಲ ಎಂದೆ. ಇಳಿಯುತ್ತಿರಲಿಲ್ಲವಂತೆ, ಎಂಜಿನ್ ನೋಡಿಕೊಳ್ಳುತ್ತ ಕೂತಿರುತ್ತಿದ್ದನಂತೆ ಎಂದೆ. ನಿನ್ನ ಪರವಾಗಿ ಹೇಳಲು ನನ್ನ ಹತ್ತಿರ ಇದ್ದದ್ದು ಅದೊಂದೇ.

"ನಮ್ಮನೆಗೆ ಬಂದ ಡ್ರೈವರೂ ಇಳೀಲಿಲ್ಲ" ಎಂದಳು. "ಇಳಿದೋರು ಯಾರು, ಹೇಗಿದ್ರು, ಒಬ್ರ ಮುಖಾನೂ ನೆನಪಿಲ್ಲ. ಅವರು ಓಡಾಡ್ತಾನೇ ಇದ್ರು. ಅವ್ನು ಒಬ್ನೇ ಸುಮ್ನೆ ಕೂತು ನನ್ನನ್ನೇ ನೋಡ್ತಿದ್ದ. ಅವ್ನ ಮುಖ ಒಂದೇ ನನ್ಗೆ ನೆನಪಿರೋದು."

ಆಮೇಲೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು. ಮಗು ಕೊಡಿ ಎಂದಳು. ಕೊಟ್ಟೆ. ಅವನು ನಿದ್ದೆಯಲ್ಲಿದ್ದ, ನನ್ನ ಏಪ್ರನ್ನಿನ ಅಂಚು ಹಿಡಿದುಕೊಂಡಿದ್ದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವನನ್ನು ಎತ್ತಿಕೊಂಡು ಒಳಗೆ ಹೋದಳು. ಬೈಯಲಿಲ್ಲ. ಒಲೆ ಪಕ್ಕದ ಹೆಂಗಸರು ಒಳಗಿನಿಂದ ನನ್ನನ್ನು ಕರೆಯಲೂ ಇಲ್ಲ. ಸುಲಿದ ಆಲೂಗಡ್ಡೆಗಳು ಬಿಸಿಲಿನಲ್ಲಿ ಹಾಗೇ ಇದ್ದವು. ನಾನು ಅವುಗಳ ಮೇಲೆ ಬಟ್ಟೆ ಮುಚ್ಚಿ ಎದ್ದು ಬಂದೆ.

ಇನ್ನು ಆ ಬಾಗಿಲು ನನಗಿಲ್ಲ. ಆ ಮಗುವನ್ನು ಮತ್ತೆ ಎತ್ತಿಕೊಳ್ಳುವುದಿಲ್ಲ. ಅವಳು ಭಾನುವಾರಗಳಲ್ಲಿ ಇದೇ ದಾರಿಯಾಗಿ ಇಗರ್ಜಿಗೆ ಹೋಗುತ್ತಾಳೆ. ಎದುರಾದರೆ ನಾನು ತಲೆ ತಗ್ಗಿಸುತ್ತೇನೆ, ನೀನು ನನ್ನ ಪಕ್ಕದಲ್ಲಿದ್ದರೆ ನೀನೂ ತಗ್ಗಿಸಬೇಕಾಗುತ್ತದೆ. ನೀನು ಯಾರು ಎಂದು ಅವಳಿಗೆ ಗೊತ್ತಿದೆ.

ಮೇ ತಿಂಗಳಲ್ಲೇ ಬಾ.

ನಿನ್ನ ತಾಯಿ,
ಮೇಟಾ ಲೂರ್ಸ್